ಬಾಡಿಗಿ ಮನ್ಯಾಗ ನಾಯಿ, ಎರಡು ಕಾಯ್ದೆ, ಒಂದು ಕರಾರು

ಸಾಕಿದ ನಾಯಿನ್ನ ಬಾಡಿಗಿ ಮನಿ ಸಲುವಾಗಿ ಬಿಟ್ಟು ಹೋಗೋದು ಅಪರಾಧ ಆಗಬಹುದು ಅಂತ ನಮ್ಮ ಓಣ್ಯಾಗ ಎಷ್ಟು ಮಂದಿಗೆ ಗೊತ್ತದ ಹೇಳ್ರಿ?

ಇದಕ್ಕ ಪಟ್ಟು ಹಿಡದಾಕಿ ಒಬ್ಬ ಹೆಣ್ಮಗಳು, ಭರತನಾಟ್ಯದ ರುಕ್ಮಿಣಿದೇವಿ ಅರುಂಡೇಲ್. 1952ರಾಗ ರಾಜ್ಯಸಭಾಕ್ಕ ಹೋದ್ರು, ಪ್ರಾಣಿಗಳ ಸಲುವಾಗಿ ಖಾಸಗಿ ಮಸೂದೆ ತಂದ್ರು. ನೆಹರೂ ಅವರು ಸರ್ಕಾರನ ಒಂದು ಕಾಯ್ದೆ ತರತದ ಅಂತ ಮಾತು ಕೊಟ್ರು. ಹಿಂಗ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಆತು. ಅದರ ಪ್ರಕಾರ ಉಪವಾಸ, ನೀರಡಿಕಿಂದ ಸಂಕಟ ಪಡೂ ಹಂಗ ಪ್ರಾಣಿನ್ನ ಕಾರಣ ಇಲ್ದ ಬಿಟ್ಟು ಹೋಗೂ ಹಂಗಿಲ್ಲ. ಮೊದಲನೇ ಸಲದ ದಂಡ 10ರಿಂದ 50 ರೂಪಾಯಿ! ಅರವತ್ತು ವರ್ಷ ದಾಟಿದ್ರೂ ಅಷ್ಟ ಉಳೀತು.

ಮರುವರ್ಷ, 1961ರಾಗ, ನಮ್ಮ ರಾಜ್ಯದ ಬಾಡಿಗಿ ನಿಯಂತ್ರಣ ಕಾಯ್ದೆ ಬಂತು. ಅದು ಬಾಡಿಗಿದಾರರನ್ನ ನೋಡ್ತು, ನಾಯಿ ನೆನಪಾಗಲಿಲ್ಲ. ಆಮ್ಯಾಲೆ ಬಂದ 1999ರ ಕಾಯ್ದೆಯಂತೂ ದೊಡ್ಡ ಊರಾಗ ತಿಂಗಳಿಗೆ 3,500 ರೂಪಾಯಿ ಮೀರಿದ ಮನಿಗೆ ಲಾಗೂನ ಆಗಂಗಿಲ್ಲ. ಬೆಂಗಳೂರಾಗ ಆ ರೊಕ್ಕಕ್ಕ ಯಾವ ಮನಿ ಸಿಗತದವಾ? ಅಲ್ಲಿಗೆ ಉಳಿಯೋದು ಕರಾರು ಪತ್ರ.

ನಮ್ಮಣ್ಣನ ಮಗಳು ಅಲ್ಲೆ ಎರಡು ತಿಂಗಳು ಮನಿ ಹುಡುಕಿದ್ಲು. ಬಾಡಿಗಿ ಒಪ್ಪತಿದ್ರು, ನಾಯಿ ಅದ ಅಂದಕೂಡ್ಲೆ ಫೋನ್ ಇಡ್ತಿದ್ರು. "ಹಕ್ಕದ ಅಲ್ಲಾ ಅತ್ಯಾ" ಅಂತ ನನಗ ಕೇಳಿದ್ಲು. ಮಂದಿ ಇಲ್ಲೇ ಗೊಂದಲ ಮಾಡ್ಕೋತಾರ. ಪ್ರಾಣಿ ಕಲ್ಯಾಣ ಮಂಡಳಿ 2015ರಾಗ ಅಪಾರ್ಟ್‌ಮೆಂಟ್ ಸಂಘಗಳಿಗೆ ಹೇಳ್ತು: ಬಹುಮತ ಇದ್ರೂ ನಾಯಿ ಸಾಕಬ್ಯಾಡ್ರಿ ಅನ್ನಂಗಿಲ್ಲ. 2021ರಾಗ ಕೇರಳ ಹೈಕೋರ್ಟೂ ಅಂಥಾ ಬೈಲಾ ನಡಿಯಂಗಿಲ್ಲ ಅಂತು. ಆದ್ರ ಇದು ಸಂಘದ ಮಾತು. ಮನಿ ಮಾಲಕರು ಕರಾರಿನಾಗ "ಪ್ರಾಣಿ ಸಾಕಬಾರದು" ಅಂತ ಬರಸಿ ಸಹಿ ತಗೊಂಡ್ರ, ಸಂಘದ ಮ್ಯಾಲಿನ ಆ ತೀರ್ಪು ಹಿಡಕೊಂಡು ಅವರ ಜೋಡಿ ಗೆಲ್ಲೋದು ಕಷ್ಟ.

ಇನ್ನ ರೊಕ್ಕ. ಬೆಂಗಳೂರಾಗ ಹತ್ತು ತಿಂಗಳ ಬಾಡಿಗಿ ಅಡ್ವಾನ್ಸ್ ಕೇಳೋದು ಹಳೇ ರೂಢಿ. 2021ರ ಕೇಂದ್ರದ ಮಾದರಿ ಕಾಯ್ದೆ ಎರಡು ತಿಂಗಳದ್ದು ಸಾಕು ಅಂತದ, ಖರೇ ಅಂದ್ರ ಅದು ಮಾದರಿ ಅಷ್ಟ, ರಾಜ್ಯ ತನ್ನ ಕಾಯ್ದಿ ಮಾಡ್ಕೊಂಡ್ರ ಮಾತ್ರ ನಡೀತದ. ಆ ಅಡ್ವಾನ್ಸಿನಾಗ ಬಾಗಲಾ ಗೀರಿದ್ದಕ್ಕ, ಬಣ್ಣಕ್ಕ ಅಂತ ಮುರ್ಕೋತಾರ. (ನಾಯಿ ಇಲ್ಲದವರದೂ ಮುರ್ಕೋತಾರ, ಅದು ಬ್ಯಾರೆ ಮಾತು.) 1882ರ ಆಸ್ತಿ ವರ್ಗಾವಣೆ ಕಾಯ್ದೆ ಪ್ರಕಾರ, ಬಳಸಿದ್ದಕ್ಕ ಆಗೋ ಸಹಜ ಸವಕಳಿ ಬಾಡಿಗಿದಾರರ ಮ್ಯಾಲೆ ಬರಂಗಿಲ್ಲ. ಆದ್ರ ಉಗುರಿನ ಗೀರು ಸವಕಳಿನೋ ನುಕಸಾನೋ ಅನ್ನೋದರ ಮ್ಯಾಲ ಜಗಳ ಆಗತದ.

ಅದಕ್ಕ ಮಕ್ಕಳು ಮನಿ ಹಿಡಿಯೋವಾಗ ನಾಯಿ ಮುಚ್ಚಿಡೋದು ಬ್ಯಾಡ. ಒಂದು ನಾಯಿ ಇರತದ ಅಂತ ಕರಾರಿನಾಗ ಬರಸ್ರಿ, ಬಣ್ಣಕ್ಕ ಎಷ್ಟು ಮುರ್ಕೋತಾರ ಅಂತ ಅಂಕಿ ಹಾಕಸ್ರಿ. ಕೀಲಿಕೈ ತಗೊಂಡ ದಿನಾನ ಎಲ್ಲಾ ಬಾಗಲಾ, ಗ್ವಾಡಿ ಫೋಟೋ ತಕ್ಕೊಂಡು ಮಾಲಕರಿಗೂ ಒಂದು ಕಳಸ್ರಿ.