ವಾರ್ಡ್ 4ರ ಪಾಳಿಗಳು

ನರ್ಸಿಂಗ್ ಕೈಪಿಡಿಯೊಂದನ್ನು ಕನ್ನಡಕ್ಕೆ ತರುವಾಗ ‘ಡೆಲಿಗೇಶನ್’ ಎಂಬ ಪದದ ಮುಂದೆ ಎರಡು ದಿನ ಕೂತಿದ್ದೆ. ‘ನಿಯೋಜನೆ’ ಎಂದರೆ ಸರ್ಕಾರಿ ಆದೇಶದ ವಾಸನೆ. ‘ಒಪ್ಪಿಸುವುದು’ ಎಂದರೆ ಒಪ್ಪಿಸಿದವರು ಕೈತೊಳೆದುಕೊಂಡ ಹಾಗೆ. ಕೈಪಿಡಿ ಹೇಳುತ್ತಿದ್ದುದು ಅದಕ್ಕೆ ತದ್ವಿರುದ್ಧ: ಮೈ ಒರೆಸುವ, ಊಟ ತಿನ್ನಿಸುವ, ಮಗ್ಗುಲು ಬದಲಿಸುವ ಕೆಲಸವನ್ನು ನರ್ಸ್ ಆಯಾಗೆ ಕೊಡಬಹುದು, ಅದು ಸರಿಯಾಗಿ ನಡೆಯಿತೇ ಎಂಬ ಹೊಣೆ ಮಾತ್ರ ನರ್ಸ್ ಬಳಿಯೇ ಉಳಿಯುತ್ತದೆ.

ಮಾತು ಹೊಸದಲ್ಲ. ಫ್ಲಾರೆನ್ಸ್ ನೈಟಿಂಗೇಲ್ ‘ನೋಟ್ಸ್ ಆನ್ ನರ್ಸಿಂಗ್’ ಪುಸ್ತಕದಲ್ಲಿ ಇದಕ್ಕೆಂದೇ ಒಂದು ಅಧ್ಯಾಯ ಬರೆದಿದ್ದಾಳೆ. ಆಕೆಯ ತಕರಾರು ಸೋಮಾರಿಗಳ ಮೇಲಲ್ಲ. ಎಲ್ಲವನ್ನೂ ತಾನೇ ಮಾಡಿ, ತಾನಿಲ್ಲದ ಗಳಿಗೆಗೆ ಏನೂ ಏರ್ಪಾಡು ಮಾಡದ ಒಳ್ಳೆಯವರ ಮೇಲೆ.

ನಾನಿರುವ ಭಿವಂಡಿಯಲ್ಲಿ ಕಾಯಿಲೆ ಕೈಮೀರಿದರೆ ಜನ ಥಾಣೆಗೆ, ಅಲ್ಲಿಂದಲೂ ಮುಂದೆ ಮುಂಬೈಯ ದೊಡ್ಡಾಸ್ಪತ್ರೆಗಳಿಗೆ ಹೋಗುತ್ತಾರೆ. ಅವುಗಳಲ್ಲಿ ಪರೇಲಿನ ಕೆಇಎಂ ಒಂದು. ಆ ಹೆಸರು ಕೇಳಿದಾಗಲೆಲ್ಲ ನೆನಪಾಗುವವರು ಉತ್ತರ ಕನ್ನಡದ ಹಳದೀಪುರದಿಂದ ಬಂದು ಅಲ್ಲಿ ನರ್ಸ್ ಆಗಿದ್ದ ಅರುಣಾ ಶಾನಭಾಗ. 1973ರ ನವೆಂಬರ್ 27ರ ಸಂಜೆ, 25ನೇ ವಯಸ್ಸಿನಲ್ಲಿ, ಆಸ್ಪತ್ರೆಯೊಳಗೇ ಅವರ ಮೇಲೆ ದಾಳಿ ನಡೆಯಿತು. ಕುತ್ತಿಗೆಗೆ ನಾಯಿಯ ಸರಪಳಿ ಬಿಗಿದದ್ದರಿಂದ ಮೆದುಳಿಗೆ ಆಮ್ಲಜನಕ ತಪ್ಪಿತು. ಮತ್ತೆ ಅವರು ಮೊದಲಿನಂತಾಗಲೇ ಇಲ್ಲ.

ದಾಳಿ ಮಾಡಿದವನು ಅಲ್ಲಿಯದೇ ಸಫಾಯಿ ಕೆಲಸಗಾರ, ಆಸ್ಪತ್ರೆಯ ಏಣಿಯಲ್ಲಿ ನರ್ಸ್‌ಗಿಂತ ಕೆಳಗಿದ್ದವನು. ಕೈಪಿಡಿಗಳು ಈ ಏಣಿಯನ್ನು ಬಾಣದ ಗುರುತುಗಳಲ್ಲಿ ಬಿಡಿಸಿ ಮುಗಿಸುತ್ತವೆ. ಇನ್ನೊಬ್ಬರ ಕೆಲಸ ನೋಡುವುದೆಂದರೆ ತಪ್ಪು ಕಂಡಾಗ ಹೇಳುವುದೂ ಹೌದು, ಹಾಗೆ ಹೇಳುವವಳು ಕತ್ತಲಾದ ಮೇಲೂ ಅದೇ ಕಟ್ಟಡದಲ್ಲಿ ಒಂಟಿಯಾಗಿ ಓಡಾಡಬೇಕು ಎಂಬುದು ಆ ಚಿತ್ರದಲ್ಲಿ ಬರುವುದಿಲ್ಲ. ಘಟನೆಯ ನಂತರ ಮುಂಬೈಯ ನರ್ಸ್‌ಗಳು ಮುಷ್ಕರ ಹೂಡಿದರು. ಅರುಣಾರಿಗೆ ಒಳ್ಳೆಯ ಆರೈಕೆ ಬೇಕು, ತಮಗೂ ಸುರಕ್ಷಿತವಾಗಿ ದುಡಿಯುವ ಸ್ಥಿತಿ ಬೇಕು ಎಂದರು.

ಆಮೇಲೆ ವಾರ್ಡ್ 4ರ ಪಕ್ಕದ ಕೋಣೆಯಲ್ಲಿ ನಡೆದದ್ದು ಸುದ್ದಿಯಾಗದ ಕೆಲಸ. ಹಾಸಿಗೆ ಹಿಡಿದ ರೋಗಿಯನ್ನು ಎರಡು ಗಂಟೆಗೊಮ್ಮೆ ಹೊರಳಿಸಬೇಕೆಂಬುದು ನರ್ಸಿಂಗ್‌ನ ಸಾಮಾನ್ಯ ಪಾಠ. ದಿನಕ್ಕೆ 12 ಸಲ, ವರ್ಷಕ್ಕೆ 4,380 ಸಲ. ಇಷ್ಟನ್ನು ಯಾವ ನರ್ಸೂ ಒಬ್ಬಳೇ ಮಾಡಲಾರಳು. ಬೆಳಗಿನವರು ಮಧ್ಯಾಹ್ನದವರಿಗೆ, ಅವರು ರಾತ್ರಿಯವರಿಗೆ, ಸಿಸ್ಟರ್ ಆಯಾಗೆ ಹೇಳಬೇಕು, ಹೇಳಿದ್ದು ಆಯಿತೇ ಎಂದು ಬಂದು ನೋಡಬೇಕು. ಎಲ್ಲೋ ಒಂದು ಪಾಳಿ ‘ಅವರು ಮಾಡಿರುತ್ತಾರೆ’ ಎಂದುಕೊಂಡರೆ ಸಾಕು, ಸೊಂಟದ ಚರ್ಮ ಕೆಂಪಾಗುತ್ತದೆ, ಆಮೇಲೆ ಒಡೆಯುತ್ತದೆ.

ಪತ್ರಕರ್ತೆ ಪಿಂಕಿ ವಿರಾನಿ ಸಲ್ಲಿಸಿದ ದಯಾಮರಣದ ಅರ್ಜಿಯ ವಿಚಾರಣೆಗಾಗಿ ಸುಪ್ರೀಂ ಕೋರ್ಟ್ ಮೂವರು ವೈದ್ಯರನ್ನು ಕಳಿಸಿತು. 1973ರಿಂದ ಮಲಗಿಯೇ ಇದ್ದರೂ ಒಂದು ಹಾಸಿಗೆ ಹುಣ್ಣಿಲ್ಲ, ಒಂದು ಮೂಳೆ ಮುರಿದಿಲ್ಲ ಎಂದು ಅವರು ವರದಿ ಮಾಡಿದರು. 2010ರ ಸೆಪ್ಟೆಂಬರ್‌ನಲ್ಲಿ ಜ್ವರ ಬರುವವರೆಗೆ ಬಾಯಿಂದಲೇ ಊಟ ಮಾಡಿಸುತ್ತಿದ್ದರು. ನಂತರವೇ ಮೂಗಿನ ನಳಿಗೆ ಬಂದದ್ದು. ತುತ್ತು ನುಂಗಿದರೇ ಎಂದು ಕಾಯುತ್ತ ತಿನ್ನಿಸುವುದು ನಳಿಗೆ ಹಾಕುವುದಕ್ಕಿಂತ ಎಷ್ಟೋ ಹೆಚ್ಚು ಹೊತ್ತಿನ ಕೆಲಸ ಎಂಬುದು ಮನೆಯಲ್ಲಿ ಅಜ್ಜಿಯನ್ನು ನೋಡಿಕೊಂಡವರಿಗೆ ಗೊತ್ತು. ಹೊಸದಾಗಿ ಸೇರುವ ಪ್ರತಿ ತಂಡದ ವಿದ್ಯಾರ್ಥಿನಿಯರಿಗೂ ಅರುಣಾರನ್ನು ಪರಿಚಯಿಸಿ, ಇವರು ನಮ್ಮವರೇ ಎಂದು ಹೇಳುವ ರೂಢಿಯಿತ್ತೆಂದು ಆಸ್ಪತ್ರೆಯ ಡೀನ್ ನ್ಯಾಯಾಲಯಕ್ಕೆ ತಿಳಿಸಿದರು. ಕೆಲಸ ಕೈದಾಟಿಸುವ ಮೊದಲು ಯಾರಿಗಾಗಿ ಎಂದು ಹೇಳುವುದು ನನ್ನ ಕೈಪಿಡಿಯಲ್ಲಿ ಎಲ್ಲೂ ಇರಲಿಲ್ಲ.

2011ರ ಮಾರ್ಚ್ 7ರ ತೀರ್ಪು ಆ ಅರ್ಜಿಯನ್ನು ತಳ್ಳಿಹಾಕಿತು. ಅರುಣಾರ ಪರವಾಗಿ ಮಾತಾಡಬೇಕಾದವರು ಇಷ್ಟು ವರ್ಷ ನೋಡಿಕೊಂಡ ಕೆಇಎಂ ಸಿಬ್ಬಂದಿಯೇ ಎಂದಿತು. ಅವರ ಮಟ್ಟಿಗೆ ಜೀವ ಉಳಿಸಿದ್ದು ಸರಿಯೇ ಎಂಬ ಪ್ರಶ್ನೆ ನನಗಿನ್ನೂ ಬಗೆಹರಿದಿಲ್ಲ. ಒಳ್ಳೆಯ ಆರೈಕೆ ಆ ಪ್ರಶ್ನೆಗೆ ಉತ್ತರವಲ್ಲ. ಅರುಣಾ 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಂಡರು. ಕಥೆ ಹೇಳುವಾಗ ನಾವು ‘ಕೆಇಎಂ ನರ್ಸ್‌ಗಳು’ ಎನ್ನುತ್ತೇವೆ. ಬಟ್ಟೆ ಬದಲಿಸಿದ ಆಯಾಗಳೂ, ನೆಲ ಒರೆಸಿದ ಸಫಾಯಿಯವರೂ ಆ ಮಾತಿನೊಳಗೆ ಕಾಣದೆ ಹೋಗುತ್ತಾರೆ.

ಕನ್ನಡದಲ್ಲಿ ರೋಗಿಯನ್ನೂ ‘ನೋಡಿಕೊಳ್ಳುತ್ತೇವೆ’, ಇನ್ನೊಬ್ಬರಿಗೆ ಕೊಟ್ಟ ಕೆಲಸ ಆಗುವಂತೆಯೂ ‘ನೋಡಿಕೊಳ್ಳುತ್ತೇವೆ’. ಕೈಪಿಡಿಯ ಆ ಅಧ್ಯಾಯಕ್ಕೆ ‘ಕೆಲಸ ಹಂಚಿ ನೋಡಿಕೊಳ್ಳುವುದು’ ಎಂದು ಹೆಸರಿಟ್ಟು ಕಳಿಸಿದೆ. ಸಂಪಾದಕರು ಅದನ್ನು ‘ನಿಯೋಜನೆ ಮತ್ತು ಮೇಲ್ವಿಚಾರಣೆ’ ಎಂದು ತಿದ್ದಿದರು.