ಚಾಂದೋಲಿ: ಕಾಡು, ಕೋಟೆ ಮತ್ತು ಊರು

ದರಿಬಡಚಿ ಮತ್ತು ಚಾಂದೋಲಿ ಸಾಂಗಲಿ ಜಿಲ್ಲೆಯ ಎರಡು ತುದಿಗಳಲ್ಲಿವೆ. ಪೂರ್ವದಲ್ಲಿ ಜತ್ತ ತಾಲ್ಲೂಕಿನ ಮಳೆ ಕಡಿಮೆಯಾದ ಕನ್ನಡ ಸೀಮೆ. ಪಶ್ಚಿಮದಲ್ಲಿ ಸಹ್ಯಾದ್ರಿಯ ದಟ್ಟ ಅರಣ್ಯ. ಜತ್ತ ಸೀಮೆಯಲ್ಲಿ ಹುಟ್ಟುವ ಡೋಣಿ, ಚಾಂದೋಲಿಯಿಂದಿಳಿಯುವ ವಾರಣಾ ಎರಡೂ ಸೇರುವುದು ಕೃಷ್ಣೆಯನ್ನೇ.

ಚಾಂದೋಲಿಯ ರಾಜಪರಂಪರೆಯನ್ನು ಮರಾಠರ ಕಾಲದಿಂದ ಆರಂಭಿಸುವುದು ರೂಢಿ. ಆದರೆ 12ನೆಯ ಶತಮಾನದಲ್ಲಿ ಈ ಸೀಮೆಯನ್ನಾಳಿದ ಕೊಲ್ಲಾಪುರದ ಶಿಲಾಹಾರರು ಸಂಸ್ಕೃತದೊಡನೆ ಕನ್ನಡದಲ್ಲಿಯೂ ಶಾಸನಗಳನ್ನು ಬರೆಯಿಸಿದರು. ಅವರ ಕೊನೆಯ ಅರಸ ಇಮ್ಮಡಿ ಭೋಜನನ್ನು 13ನೆಯ ಶತಮಾನದ ಆದಿಯಲ್ಲಿ ಸೇವುಣರ ಸಿಂಘಣನು ಸೋಲಿಸಿದನು. ಮುಂದೆ ಆದಿಲಶಾಹಿಯ ಕಾಲದಲ್ಲಿ ಕೊಂಕಣದಂಚಿನ ಶೃಂಗಾರಪುರ ಸುರ್ವೆ ಮನೆತನದ ವಶದಲ್ಲಿತ್ತು. 1661ರಲ್ಲಿ ಶಿವಾಜಿ ಅದನ್ನು ಗೆದ್ದುಕೊಂಡನು. ಶೃಂಗಾರಪುರದ ಮೇಲೆ ನಿಂತ ಪ್ರಚಿತಗಡ ಇಂದು ರಾಷ್ಟ್ರೀಯ ಉದ್ಯಾನದ ಗಡಿಯಲ್ಲಿದೆ.

ಮೈಸೂರಿನ ಅರಸರು ಬಂಡೀಪುರದಲ್ಲಿ ವೇಣುಗೋಪಾಲ ವನ್ಯಜೀವಿ ಉದ್ಯಾನವನ್ನು ಸ್ಥಾಪಿಸಿದಂತೆ ಇಲ್ಲಿ ಯಾವ ಅರಸನೂ ಕಾಡನ್ನು ಕಾಡೆಂದೇ ಕಾಯಲಿಲ್ಲ. ಅವರಿಗೆ ಬೇಕಾದುದು ಕೊಂಕಣಕ್ಕಿಳಿಯುವ ಘಟ್ಟದ ದಾರಿ. ಕಾಡು ಅದಕ್ಕೆ ಬೇಲಿಯಾಗಿತ್ತು. ಕಡಿದಾದ ಇಳಿಜಾರು, ಭಾರಿ ಮಳೆ, ಊರವರು ಕೊಡಲಿ ಹಾಕದೆ ಉಳಿಸಿಕೊಂಡ ದೇವರ ಬನ ಇವೆಲ್ಲ ಸೇರಿ ಮರಗಳನ್ನು ಕಾಪಾಡಿದವು. ಕಾಡುಕೋಣ, ಕೆಂದಳಿಲುಗಳ ಈ ನೆಲೆಗೆ ಕಾನೂನಿನ ರಕ್ಷಣೆ ದೊರೆತದ್ದು ಅರಸೊತ್ತಿಗೆ ಅಳಿದ ಮೇಲೆ: 1985ರಲ್ಲಿ ಅಭಯಾರಣ್ಯ, 2004ರಲ್ಲಿ ಸುಮಾರು 317 ಚದರ ಕಿಲೋಮೀಟರಿನ ರಾಷ್ಟ್ರೀಯ ಉದ್ಯಾನ, 2010ರಲ್ಲಿ ಕೊಯ್ನಾ ಅರಣ್ಯದೊಡನೆ ಸಹ್ಯಾದ್ರಿ ಹುಲಿ ಸಂರಕ್ಷಿತ ಪ್ರದೇಶ. 2012ರಲ್ಲಿ ಪಶ್ಚಿಮಘಟ್ಟದ ಭಾಗವಾಗಿ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು.

ಈ ರಕ್ಷಣೆಗೆ ಬೆಲೆ ತೆತ್ತವರು ಊರಿನವರು. ವಾರಣಾ ಅಣೆಕಟ್ಟಿನಿಂದಲೂ ಅಭಯಾರಣ್ಯದಿಂದಲೂ ಹಲವು ಹಳ್ಳಿಗಳು ತೆರವಾಗಿ ಬಯಲಿಗಿಳಿದವು. ಕೋಟೆಯ ಹೆಸರು ಬಖರುಗಳಲ್ಲಿ, ದಫ್ತರುಗಳಲ್ಲಿ ಉಳಿಯುತ್ತದೆ. ಹಳ್ಳ, ದಿಣ್ಣೆ, ಕಾಲುದಾರಿ, ಬನದ ದೇವರ ಹೆಸರು ಮಾತ್ರ ಅಲ್ಲಿ ಬಾಳುವವರ ಬಾಯಲ್ಲಿ ಉಳಿಯುತ್ತದೆ. ಡಫಳೆ ಮನೆತನದ ಜತ್ತ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಆದರೂ ದರಿಬಡಚಿಯಂಥ ಊರುಗಳಲ್ಲಿ ಹೊಲ, ಹಳ್ಳಗಳನ್ನು ಕನ್ನಡದಲ್ಲಿಯೇ ಕರೆಯುತ್ತಾರೆ, ಏಕೆಂದರೆ ಜನ ನೆಲ ಬಿಟ್ಟು ಹೋಗಲಿಲ್ಲ. ಚಾಂದೋಲಿಯಲ್ಲಿ ಹುಟ್ಟಿ ಬಯಲಲ್ಲಿ ಮುಪ್ಪಾದವರು ಇನ್ನೂ ಇದ್ದಾರೆ. ಆ ಮರಾಠಿ ಸ್ಥಳನಾಮಗಳನ್ನು ಅವರಿಂದ ಕೇಳಿ ದಾಖಲಿಸುವ ಕೆಲಸ, ಅಲ್ಪಸಂಖ್ಯಾತ ಭಾಷೆಯ ಅಳಿವು ಉಳಿವನ್ನು ಬಲ್ಲ ನಮ್ಮದೂ ಆಗಿದೆ.