ಸೀಮೆಎಣ್ಣೆ ಅಗ್ಗವಾಗಿದ್ದರೂ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯನ್ನು ಒಡೆದದ್ದೇಕೆ? ಏಕಸ್ವಾಮ್ಯದ ಬಗ್ಗೆ ತಿಳಿಯಬೇಕಾದ ಸಂಗತಿಗಳು

ಒಂದು ಕಂಪನಿ ಒಳ್ಳೆಯ ಸರಕನ್ನು ಕಡಿಮೆ ಬೆಲೆಗೆ ಕೊಡುತ್ತಿದ್ದರೆ, ಅದು ಎಷ್ಟೇ ದೊಡ್ಡದಾಗಿ ಬೆಳೆದರೂ ನಮಗೇನು ನಷ್ಟ? ಏಕಸ್ವಾಮ್ಯದ ಮಾತು ಬಂದಾಗಲೆಲ್ಲ ಈ ಪ್ರಶ್ನೆ ಕೇಳಿಬರುತ್ತದೆ. ನೂರು ವರ್ಷಗಳ ಹಿಂದೆ ಅಮೆರಿಕದಲ್ಲೂ ಇದೇ ಪ್ರಶ್ನೆ ಎದ್ದಿತ್ತು. ದೀಪದ ಎಣ್ಣೆಯ ಬೆಲೆ ಇಳಿದ ಕಾಲದಲ್ಲೇ ಆ ಮಾರುಕಟ್ಟೆಯನ್ನು ಆಳಿದ್ದ ಕಂಪನಿಯನ್ನು ಒಡೆಯಬೇಕೆಂದು ಅಲ್ಲಿನ ಸುಪ್ರೀಂ ಕೋರ್ಟ್ 1911ರಲ್ಲಿ ತೀರ್ಪು ನೀಡಿತು. ಉಚಿತ ಆ್ಯಪ್ ಕೊಡುವ ಕಂಪನಿಗೆ ಭಾರತದಲ್ಲಿ ದಂಡ ಬೀಳುವುದೇಕೆ, ಪಕ್ಷಗಳಿಗೆ ಬರುವ ದೇಣಿಗೆಗೂ ಮಾರುಕಟ್ಟೆಗೂ ಏನು ಸಂಬಂಧ ಎಂಬ ಪ್ರಶ್ನೆಗಳಿಗೂ ಆ ಪ್ರಕರಣದಲ್ಲಿ ಉತ್ತರವಿದೆ.

ಏಕಸ್ವಾಮ್ಯ ಎಂದರೇನು?

ಒಂದು ಸರಕು ಅಥವಾ ಸೇವೆಯನ್ನು ಮಾರುವವರು ಒಬ್ಬರೇ ಆಗಿದ್ದರೆ ಅದು ಏಕಸ್ವಾಮ್ಯ. ಆದರೆ ಪೂರ್ಣ ಏಕಸ್ವಾಮ್ಯ ಅಪರೂಪ. ಹೆಚ್ಚಾಗಿ ಕಾಣಸಿಗುವುದು ಪ್ರಾಬಲ್ಯ. ಅಂದರೆ ಇತರ ಕಂಪನಿಗಳು ಇದ್ದರೂ ಅವುಗಳ ಹಂಗಿಲ್ಲದೆ ನಡೆದುಕೊಳ್ಳುವ ಶಕ್ತಿ ಒಂದು ಕಂಪನಿಗೆ ಇರುವುದು. ಕೆಲವೇ ಕಂಪನಿಗಳು ಒಳಗೊಳಗೇ ಮಾತಾಡಿಕೊಂಡು ಬೆಲೆ ನಿಗದಿ ಮಾಡಿದರೆ ಅದು ಕಾರ್ಟೆಲ್. ಕೊಳ್ಳುವವನು ಒಬ್ಬನೇ ಇದ್ದಾಗಲೂ ಅಪಾಯ ಕಡಿಮೆಯಲ್ಲ. ಆಗ ಏಟು ಬೀಳುವುದು ಬೆಳೆದು ಮಾರುವ ರೈತನಿಗೆ, ದುಡಿಯುವ ಕಾರ್ಮಿಕನಿಗೆ.

ಸ್ಟ್ಯಾಂಡರ್ಡ್ ಆಯಿಲ್ ಬೆಳೆದ ಬಗೆ

ಜಾನ್ ಡಿ. ರಾಕ್‌ಫೆಲ್ಲರ್ ಮತ್ತು ಸಂಗಡಿಗರು 1870ರಲ್ಲಿ ಓಹಿಯೋ ರಾಜ್ಯದಲ್ಲಿ ಸ್ಟ್ಯಾಂಡರ್ಡ್ ಆಯಿಲ್ ಕಂಪನಿ ಸ್ಥಾಪಿಸಿದರು. ಆಗ ಕಾರುಗಳು ಇರಲಿಲ್ಲ. ಕಚ್ಚಾ ತೈಲದಿಂದ ತೆಗೆಯುತ್ತಿದ್ದ ಮುಖ್ಯ ಸರಕೆಂದರೆ ದೀಪ ಉರಿಸುವ ಸೀಮೆಎಣ್ಣೆ. ಹತ್ತೇ ವರ್ಷಗಳಲ್ಲಿ ಅಮೆರಿಕದ ತೈಲ ಸಂಸ್ಕರಣೆಯ ಸುಮಾರು ಶೇ 90ರಷ್ಟು ಈ ಕಂಪನಿಯ ಕೈಸೇರಿತು.

ಕಂಪನಿ ದಕ್ಷವಾಗಿತ್ತು ಎಂಬುದು ನಿಜ. ವ್ಯರ್ಥವಾಗಿ ಹೋಗುತ್ತಿದ್ದ ಉಪ ಉತ್ಪನ್ನಗಳನ್ನೂ ಅದು ಮಾರಿ ಹಣ ಮಾಡುತ್ತಿತ್ತು. ಆದರೆ ಅದರ ದೊಡ್ಡ ಬಲ ಇದ್ದದ್ದು ರೈಲು ಸಾಗಣೆಯಲ್ಲಿ. ತನ್ನಷ್ಟು ಸರಕು ಇನ್ನಾರೂ ಕೊಡಲಾರರು ಎಂದು ರೈಲು ಕಂಪನಿಗಳಿಂದ ಗುಟ್ಟಾಗಿ ರಿಯಾಯಿತಿ ಪಡೆಯುತ್ತಿತ್ತು. 1872ರಲ್ಲಿ ‘ಸೌತ್ ಇಂಪ್ರೂವ್‌ಮೆಂಟ್ ಕಂಪನಿ’ ಹೆಸರಿನಲ್ಲಿ ರೂಪಿಸಿದ ಯೋಜನೆ ಇನ್ನೂ ಒಂದು ಹೆಜ್ಜೆ ಮುಂದಿತ್ತು. ಪ್ರತಿಸ್ಪರ್ಧಿಗಳು ಕಟ್ಟುವ ಬಾಡಿಗೆಯಲ್ಲೂ ಒಂದು ಪಾಲು ಈ ಕೂಟಕ್ಕೇ ಸಂದಾಯವಾಗಬೇಕಿತ್ತು! ಸುದ್ದಿ ಹೊರಬಿದ್ದು ತೈಲ ಬಾವಿಗಳ ಮಾಲೀಕರು ಸಿಡಿದೆದ್ದ ಕಾರಣ ಯೋಜನೆ ಜಾರಿಗೆ ಬರಲೇ ಇಲ್ಲ. ಆದರೆ ಅದರ ಭಯದ ನೆರಳಲ್ಲೇ ಕ್ಲೀವ್‌ಲ್ಯಾಂಡ್ ನಗರದ 26 ಪ್ರತಿಸ್ಪರ್ಧಿ ಸಂಸ್ಕರಣಾಗಾರಗಳ ಪೈಕಿ 22 ಕೆಲವೇ ವಾರಗಳಲ್ಲಿ ಸ್ಟ್ಯಾಂಡರ್ಡ್‌ಗೆ ಮಾರಾಟವಾಗಿಬಿಟ್ಟವು.

ಅಗ್ಗವಾಗಿದ್ದರೆ ತೊಂದರೆ ಏನು?

ಈ ಅವಧಿಯಲ್ಲಿ ಸೀಮೆಎಣ್ಣೆಯ ಬೆಲೆ ಏರಲಿಲ್ಲ. 1870ರ ಸುಮಾರಿಗೆ ಗ್ಯಾಲನ್‌ಗೆ 20 ಸೆಂಟ್‌ಗೂ ಹೆಚ್ಚಿದ್ದ ದರ 1880ರ ದಶಕದ ಮಧ್ಯದಲ್ಲಿ 10 ಸೆಂಟ್‌ಗಿಂತ ಕೆಳಗಿಳಿಯಿತು. ಹಾಗಾದರೆ ಪೆಟ್ಟು ಬಿದ್ದದ್ದು ಎಲ್ಲಿ?

ಮೊದಲನೆಯದು, ತೈಲ ತೆಗೆಯುವವರಿಗೆ. ಪೆನ್ಸಿಲ್ವೇನಿಯಾದ ಬಾವಿ ಮಾಲೀಕರು ತಮ್ಮ ತೈಲವನ್ನು ಮಾರಲು ಬೇರೆ ದಾರಿ ಕಾಣದೆ, ಸ್ಟ್ಯಾಂಡರ್ಡ್ ಹೇಳಿದ ಬೆಲೆಗೆ ಒಪ್ಪಬೇಕಾಯಿತು. ಎರಡನೆಯದು, ಹೊಸಬರಿಗೆ. ಸರಕು ಎಷ್ಟೇ ಚೆನ್ನಾಗಿದ್ದರೂ ಸಾಗಿಸಲು ರೈಲು, ಪೈಪ್‌ಲೈನ್ ಸಿಗದಿದ್ದರೆ ವ್ಯಾಪಾರವೇ ಇಲ್ಲ. ಮೂರನೆಯದು, ಗ್ರಾಹಕರಿಗೆ. ಸ್ಪರ್ಧೆ ಇರುವ ಊರಿನಲ್ಲಿ ಬೆಲೆ ಇಳಿಸಿ ಎದುರಾಳಿಯನ್ನು ಮುಗಿಸುವುದು, ಸ್ಪರ್ಧೆ ಇಲ್ಲದ ಊರಿನಲ್ಲಿ ಹೆಚ್ಚು ವಸೂಲಿ ಮಾಡುವುದು ಅದರ ಮೇಲಿದ್ದ ಪ್ರಮುಖ ಆರೋಪಗಳಲ್ಲಿ ಒಂದು. ಇಂದಿನ ಅಗ್ಗದ ಬೆಲೆ ನಾಳೆಯೂ ಉಳಿಯಬೇಕಾದರೆ ಎದುರು ಇನ್ನೊಂದು ಅಂಗಡಿ ಇರಬೇಕು. ಆ ಅಂಗಡಿಯೇ ಇಲ್ಲದಿದ್ದರೆ ಬೆಲೆ ಕಂಪನಿಯ ಮರ್ಜಿಗೆ ಬಿಟ್ಟದ್ದು.

ಹಣ ರಾಜಕೀಯಕ್ಕೆ ಹರಿದಾಗ

ಅಮೆರಿಕ ಸಂಸತ್ತು ಏಕಸ್ವಾಮ್ಯದ ವಿರುದ್ಧ ಶೆರ್ಮನ್ ಕಾಯ್ದೆ ತಂದದ್ದು 1890ರಲ್ಲಿ. ಆದರೆ ಕಂಪನಿ ಒಡೆಯಲು ಮತ್ತೆ 21 ವರ್ಷ ಬೇಕಾಯಿತು. ಕಾನೂನು ಮಾಡುವವರ ಬಳಿಗೂ ಕಂಪನಿಯ ಹಣ ತಲುಪುತ್ತಿದ್ದ ಕಾಲ ಅದು. 1896ರ ಅಧ್ಯಕ್ಷೀಯ ಚುನಾವಣೆಯಲ್ಲಿ ವಿಲಿಯಂ ಮೆಕಿನ್ಲೆ ಅವರ ಪ್ರಚಾರಕ್ಕೆ ಸ್ಟ್ಯಾಂಡರ್ಡ್ ಆಯಿಲ್ 2.5 ಲಕ್ಷ ಡಾಲರ್ ನೀಡಿತ್ತು. ಓಹಿಯೋದ ಸೆನೆಟರ್ ಜೋಸೆಫ್ ಫೊರೇಕರ್ ಅವರಿಗೆ ಕಂಪನಿಯ ಉನ್ನತಾಧಿಕಾರಿ ಜಾನ್ ಆರ್ಚ್‌ಬೋಲ್ಡ್ ಬರೆದ ಪತ್ರಗಳನ್ನು 1908ರಲ್ಲಿ ಪತ್ರಿಕೋದ್ಯಮಿ ವಿಲಿಯಂ ರ‍್ಯಾಂಡಾಲ್ಫ್ ಹರ್ಸ್ಟ್ ಬಹಿರಂಗ ಸಭೆಗಳಲ್ಲಿ ಓದಿ ಹೇಳಿದರು. ಹಣ ಪಾವತಿಯ ವಿವರಗಳೂ ಅವುಗಳಲ್ಲಿದ್ದವು. ವಕೀಲಿ ಕೆಲಸದ ಶುಲ್ಕ ಅದು ಎಂದು ಫೊರೇಕರ್ ಸಮರ್ಥಿಸಿಕೊಂಡರೂ ಅವರ ಸೆನೆಟ್ ಬದುಕು ಅಲ್ಲಿಗೆ ಮುಗಿಯಿತು.

ಇದಕ್ಕೂ ಮೊದಲೇ ಪತ್ರಕರ್ತೆ ಐಡಾ ಟಾರ್ಬೆಲ್ 1902ರಿಂದ 1904ರವರೆಗೆ ‘ಮೆಕ್ಲೂರ್ಸ್’ ಪತ್ರಿಕೆಯಲ್ಲಿ ಸರಣಿ ಲೇಖನಗಳನ್ನು ಬರೆದು, ನ್ಯಾಯಾಲಯದ ಕಡತ ಮತ್ತು ದಾಖಲೆಗಳ ಆಧಾರದಲ್ಲಿ ಕಂಪನಿಯ ವ್ಯವಹಾರವನ್ನು ಜನರ ಮುಂದಿಟ್ಟಿದ್ದರು. ಸರ್ಕಾರ 1906ರಲ್ಲಿ ಮೊಕದ್ದಮೆ ಹೂಡಿತು. 1907ರಲ್ಲಿ ಬಂದ ಟಿಲ್‌ಮನ್ ಕಾಯ್ದೆ, ರಾಷ್ಟ್ರಮಟ್ಟದ ಚುನಾವಣೆಗಳಲ್ಲಿ ಅಭ್ಯರ್ಥಿಗಳಿಗೆ ಕಂಪನಿಗಳು ನೇರವಾಗಿ ದೇಣಿಗೆ ಕೊಡುವುದನ್ನು ನಿಷೇಧಿಸಿತು. 1911ರ ಮೇ 15ರಂದು ಸುಪ್ರೀಂ ಕೋರ್ಟ್ ತೀರ್ಪು ಬಂತು. ಸ್ಟ್ಯಾಂಡರ್ಡ್ ಆಯಿಲ್ 34 ಕಂಪನಿಗಳಾಗಿ ಒಡೆಯಿತು. ಎಕ್ಸಾನ್, ಮೊಬಿಲ್, ಶೆವ್ರಾನ್ ಅದೇ ಬೇರಿನಿಂದ ಬಂದವು. ಮುಂಬೈಯಲ್ಲಿ ಪ್ರಧಾನ ಕಚೇರಿ ಇರುವ ಎಚ್‌ಪಿಸಿಎಲ್‌ಗೂ ಈ ಕುಟುಂಬದ ನಂಟಿದೆ. ಇದೇ ವಂಶಕ್ಕೆ ಸೇರಿದ ಎಸ್ಸೋ ಕಂಪನಿಯ ಭಾರತದ ವ್ಯವಹಾರವನ್ನು 1974ರಲ್ಲಿ ರಾಷ್ಟ್ರೀಕರಣ ಮಾಡಿದಾಗ ಎಚ್‌ಪಿಸಿಎಲ್ ರೂಪುಗೊಂಡಿತು.

ಭಾರತದ ಅನುಭವ

ಭಾರತದಲ್ಲೂ ಈ ಎರಡು ಕಾನೂನುಗಳು ಜೊತೆಯಾಗಿಯೇ ಬಂದವು. 1969ರಲ್ಲಿ ಏಕಸ್ವಾಮ್ಯ ಮತ್ತು ನಿರ್ಬಂಧಿತ ವ್ಯಾಪಾರ ಪದ್ಧತಿಗಳ ಕಾಯ್ದೆ, ಅಂದರೆ ಎಂಆರ್‌ಟಿಪಿ ಕಾಯ್ದೆ ಅಂಗೀಕಾರವಾಯಿತು. ಅದೇ ವರ್ಷ ರಾಜಕೀಯ ಪಕ್ಷಗಳಿಗೆ ಕಂಪನಿಗಳು ದೇಣಿಗೆ ಕೊಡುವುದಕ್ಕೂ ನಿಷೇಧ ಬಿತ್ತು.

ಆದರೆ ಎಂಆರ್‌ಟಿಪಿ ಕಾಯ್ದೆಯಲ್ಲಿ ದೋಷವಿತ್ತು. ಅದು ಕಂಪನಿಯ ನಡತೆಗಿಂತ ಗಾತ್ರಕ್ಕೇ ಹೆಚ್ಚು ಗಮನ ಕೊಟ್ಟಿತು. 20 ಕೋಟಿ ರೂಪಾಯಿಗೂ ಹೆಚ್ಚು ಆಸ್ತಿಯಿರುವ ಉದ್ಯಮ ಸಮೂಹ ವಿಸ್ತರಣೆಗೆ ಸರ್ಕಾರದ ಅನುಮತಿ ಪಡೆಯಬೇಕಿತ್ತು. ಲೈಸೆನ್ಸ್ ಪದ್ಧತಿಯೂ ಜೊತೆಗೂಡಿ ಹೊಸಬರು ಬರದಂತಾಯಿತು. ಹಣ ಕಟ್ಟಿ ಸ್ಕೂಟರ್‌ಗಾಗಿ ವರ್ಷಗಟ್ಟಲೆ ಕಾದ ನೆನಪು ಹಿರಿಯರಲ್ಲಿ ಇನ್ನೂ ಇದೆ.

1991ರ ಉದಾರೀಕರಣದ ನಂತರ ದಿಕ್ಕು ಬದಲಾಯಿತು. 2002ರ ಸ್ಪರ್ಧಾ ಕಾಯ್ದೆಯ ಪ್ರಕಾರ ದೊಡ್ಡದಾಗಿರುವುದು ತಪ್ಪಲ್ಲ, ಆ ಬಲವನ್ನು ದುರ್ಬಳಕೆ ಮಾಡಿಕೊಳ್ಳುವುದು ತಪ್ಪು. ಭಾರತೀಯ ಸ್ಪರ್ಧಾ ಆಯೋಗ 2009ರಿಂದ ಇಂಥ ದೂರುಗಳ ವಿಚಾರಣೆ ನಡೆಸುತ್ತಿದೆ.

ಆಂಡ್ರಾಯ್ಡ್ ಫೋನ್‌ಗಳ ವಿಷಯದಲ್ಲಿ ಗೂಗಲ್‌ಗೆ 2022ರ ಅಕ್ಟೋಬರ್‌ನಲ್ಲಿ ಆಯೋಗ ವಿಧಿಸಿದ 1,337.76 ಕೋಟಿ ರೂಪಾಯಿ ದಂಡ ಇದಕ್ಕೆ ಉದಾಹರಣೆ. ಬಳಕೆದಾರರು ಈ ಆ್ಯಪ್‌ಗಳಿಗೆ ಹಣ ಕೊಡುವುದಿಲ್ಲ. ಆದರೂ ಫೋನ್ ತಯಾರಕರು ಗೂಗಲ್‌ನ ಆ್ಯಪ್‌ಗಳ ಇಡೀ ಗುಚ್ಛವನ್ನು ಮೊದಲೇ ಅಳವಡಿಸಬೇಕೆಂಬ ಷರತ್ತು ಇತರರ ದಾರಿಗೆ ಅಡ್ಡವಾಗುತ್ತದೆ ಎಂದು ಆಯೋಗ ಹೇಳಿತು. ಮೇಲ್ಮನವಿ ನ್ಯಾಯಮಂಡಳಿ 2023ರಲ್ಲಿ ಕೆಲವು ನಿರ್ದೇಶನಗಳನ್ನು ಕೈಬಿಟ್ಟರೂ ದಂಡವನ್ನು ಎತ್ತಿಹಿಡಿಯಿತು. ಅಂದು ರೈಲು, ಇಂದು ಮೊಬೈಲ್ ಪರದೆ. ಗ್ರಾಹಕರನ್ನು ತಲುಪುವ ದಾರಿ ಯಾರ ಕೈಯಲ್ಲಿದೆ ಎಂಬುದೇ ಎರಡೂ ಕಡೆಯ ಪ್ರಶ್ನೆ.

ಕಾನೂನು ಇದ್ದರೂ ವಿಳಂಬ ತಪ್ಪಿಲ್ಲ. ಸಿಮೆಂಟ್ ಕಂಪನಿಗಳ ಕಾರ್ಟೆಲ್ ಪ್ರಕರಣದಲ್ಲಿ 2012ರಲ್ಲಿ 6,000 ಕೋಟಿಗೂ ಹೆಚ್ಚು ದಂಡ ವಿಧಿಸಲಾಯಿತು. ವಿಚಾರಣೆಯ ಕ್ರಮದಲ್ಲಿ ಲೋಪವಿದೆ ಎಂದು 2015ರಲ್ಲಿ ಆ ಆದೇಶ ರದ್ದಾಯಿತು. ಆಯೋಗ 2016ರಲ್ಲಿ ಮತ್ತೆ ದಂಡ ಹಾಕಿತು. 2018ರಲ್ಲಿ ನ್ಯಾಯಮಂಡಳಿ ಅದನ್ನು ಎತ್ತಿಹಿಡಿದ ಮೇಲೆ ಪ್ರಕರಣ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಮನೆ ಕಟ್ಟಿದವರು ಚೀಲಕ್ಕೆ ಕೊಟ್ಟ ಹಣ ಮಾತ್ರ ಆಗಲೇ ಹೋಗಿಯಾಗಿತ್ತು.

ದೇಣಿಗೆಯ ಮಿತಿ ಏಕೆ ಮುಖ್ಯ?

ಕಂಪನಿ ದೇಣಿಗೆಗೆ 1985ರಲ್ಲಿ ಮತ್ತೆ ಅವಕಾಶ ಸಿಕ್ಕಿತು. 2013ರ ಕಂಪನಿ ಕಾಯ್ದೆ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 7.5ರ ಮಿತಿ ಇಟ್ಟಿತ್ತು. 2017ರಲ್ಲಿ ಆ ಮಿತಿಯನ್ನೇ ತೆಗೆಯಲಾಯಿತು. ಜೊತೆಗೆ, ಕೊಟ್ಟವರ ಹೆಸರು ಜನರಿಗೆ ತಿಳಿಯದ ಚುನಾವಣಾ ಬಾಂಡ್ ಬಂತು. 2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟ್‌ನ ಐವರು ನ್ಯಾಯಮೂರ್ತಿಗಳ ಪೀಠ ಸರ್ವಾನುಮತದಿಂದ ಬಾಂಡ್ ಯೋಜನೆಯನ್ನು ರದ್ದುಗೊಳಿಸಿತು. ಮಿತಿ ತೆಗೆದದ್ದೂ ಅಸಾಂವಿಧಾನಿಕ ಎಂದಿತು. ಸಾಮಾನ್ಯ ಮತದಾರನ ದೇಣಿಗೆಗೂ ಕಂಪನಿಯ ದೇಣಿಗೆಗೂ ವ್ಯತ್ಯಾಸವಿದೆ, ಕಂಪನಿ ಪ್ರತಿಫಲದ ನಿರೀಕ್ಷೆಯಿಂದ ಕೊಡುತ್ತದೆ ಎಂಬುದು ಕೋರ್ಟ್‌ನ ವಾದದ ಸಾರ.

ಓದುಗರು ಗಮನಿಸಬೇಕಾದದ್ದು

ಎರಡು ದೊಡ್ಡ ಕಂಪನಿಗಳು ವಿಲೀನವಾಗುವ ಸುದ್ದಿ ಬಂದಾಗ ಬೆಲೆಯೊಂದನ್ನೇ ನೋಡಬೇಡಿ. ನಾಳೆ ಹೊಸಬರೊಬ್ಬರು ಈ ವ್ಯಾಪಾರಕ್ಕೆ ಇಳಿಯಬಹುದೇ? ಈ ಕಂಪನಿಗೆ ಸರಕು ಕೊಡುವವರಿಗೆ ಬೇರೆ ಗಿರಾಕಿ ಇದ್ದಾರೆಯೇ? ಇದನ್ನು ನಿಯಂತ್ರಿಸಬೇಕಾದವರು ಇದರ ಹಂಗಿನಲ್ಲಿ ಇದ್ದಾರೆಯೇ? ಈ ಮೂರು ಪ್ರಶ್ನೆ ಕೇಳಿಕೊಳ್ಳಿ.

ಸ್ಪರ್ಧೆಗೆ ಧಕ್ಕೆಯಾಗುತ್ತಿದೆ ಎನಿಸಿದರೆ ಯಾವುದೇ ವ್ಯಕ್ತಿ ಅಥವಾ ಗ್ರಾಹಕರ ಸಂಘ ನಿಗದಿತ ಶುಲ್ಕ ಕಟ್ಟಿ ಸ್ಪರ್ಧಾ ಆಯೋಗಕ್ಕೆ ಮಾಹಿತಿ ಸಲ್ಲಿಸಬಹುದು. ಆಯೋಗ ನೋಡುವುದು ಇಡೀ ಮಾರುಕಟ್ಟೆಗೆ ಆದ ಹಾನಿಯನ್ನು. ನಿಮ್ಮೊಬ್ಬರ ಬಿಲ್ಲಿನ ತಕರಾರಾದರೆ ಗ್ರಾಹಕರ ಆಯೋಗಕ್ಕೆ ಹೋಗಬೇಕು.